ಒಡ್ಡಿನ ಖರ್ಚು ಯಾರ ಪಾಲಿಗೆ?

ಸರಕಾರ ಮತ್ತು ರೈತ ಖರ್ಚು ಹಂಚಿಕೊಳ್ಳುವ ವಿಚಾರವನ್ನು ನವಲಗುಂದದಲ್ಲಿ ಎತ್ತುವವರು ತುಸು ನೋಡಿಕೊಂಡು ಮಾತಾಡಬೇಕು. 1980ರ ಜುಲೈ 21ರಂದು ಇಲ್ಲಿ ಗೋಲಿಬಾರ್ ನಡೆದದ್ದು ಹೆಚ್ಚುಕಡಿಮೆ ಇದೇ ವಿಚಾರಕ್ಕೆ. ಮಲಪ್ರಭೆಯ ಕಾಲುವೆ ಬಂತು, ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿತು, ಏರಿದ್ದರಲ್ಲಿ ಒಂದು ಪಾಲನ್ನು ಸರಕಾರಕ್ಕೆ ಕಟ್ಟಿ ಎಂಬುದು ಬೆಟರ್‌ಮೆಂಟ್ ಲೆವಿಯ ತರ್ಕ. ಕಾಗದದ ಮೇಲೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಹೊಲಕ್ಕೆ ಹೋದರೆ ಹುಡುಕುವ ಕಷ್ಟವೇ ಇರಲಿಲ್ಲ. ಕಾಲುವೆಯ ಕೊನೆಯ ಊರುಗಳಿಗೆ ನೀರು ಮುಟ್ಟಿರಲಿಲ್ಲ, ಮುಟ್ಟಿದ ಕಡೆ ಎರಿ ಭೂಮಿ ಜವುಳು ಹಿಡಿದು ಸವಳಾಗತೊಡಗಿತ್ತು, ಬೆಳೆದ ಹತ್ತಿಗೆ ಬೆಲೆ ಇರಲಿಲ್ಲ. ಕೈಗೆ ಬಾರದ ಲಾಭದಲ್ಲಿ ಪಾಲು ಕೇಳಿದ್ದಕ್ಕೆ ರೈತರು ಸಿಡಿದೆದ್ದರು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಈಗಲೂ ಪ್ರತಿ ಜುಲೈ 21ಕ್ಕೆ ವೀರಗಲ್ಲಿಗೆ ಮಾಲೆ ಹಾಕಲು ಎಲ್ಲ ಪಕ್ಷದವರೂ ಬರುತ್ತಾರೆ.

ಈಗ ಲೆಕ್ಕ ಉಲ್ಟಾ ಆಗಿದೆ. ನಿಮ್ಮ ಹೊಲಕ್ಕೆ ಆದ ಲಾಭದಲ್ಲಿ ನಮ್ಮ ಪಾಲು ಕೊಡಿ ಎನ್ನುತ್ತಿದ್ದ ಸರಕಾರವೇ, ನಿಮ್ಮ ಹೊಲದ ಖರ್ಚಿನಲ್ಲಿ ನಮ್ಮ ಪಾಲು ತೆಗೆದುಕೊಳ್ಳಿ ಎನ್ನುತ್ತಿದೆ. 2014-15ರಲ್ಲಿ ಶುರುವಾಗಿ, ನಡುವೆ ನಿಂತು, 2023ರ ಬಜೆಟ್ಟಿನಲ್ಲಿ ಮತ್ತೆ ಜೀವ ಪಡೆದ ಕೃಷಿ ಭಾಗ್ಯ ಯೋಜನೆ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಕೃಷಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90 ಸಹಾಯಧನ. ಉಳಿದದ್ದು ಇಲಾಖೆಯ ಭಾಷೆಯಲ್ಲಿ ‘ರೈತರ ವಂತಿಕೆ’. ಹೊಂಡದ ಜೊತೆ ಮಸಾರಿ ನೆಲಕ್ಕಾದರೆ ಪಾಲಿಥಿನ್ ಹೊದಿಕೆ, ಡೀಸೆಲ್ ಪಂಪ್‌ಸೆಟ್ಟು, ತುಂತುರು ಅಥವಾ ಹನಿ ನೀರಾವರಿಯ ಪೈಪು. ಹೊಂಡಗಳಿಗೆ ಮಕ್ಕಳು, ದನಕರು ಬಿದ್ದು ಜೀವ ಹೋದ ಸುದ್ದಿಗಳು ಬರತೊಡಗಿದ ಮೇಲೆ ತಂತಿ ಬೇಲಿಯೂ ಸೇರಿತು.

ಶೇ. 80 ಸಾಕೋ, ಶೇ. 90 ಬೇಕೋ ಎಂಬುದೇ ನಮ್ಮಲ್ಲಿ ಚರ್ಚೆ. ನನಗೆ ಆ ಚರ್ಚೆಯಲ್ಲಿ ದೊಡ್ಡ ಆಸಕ್ತಿ ಇಲ್ಲ. ಒಬ್ಬನ ಹೊಲದಲ್ಲಿ ಆಗುವ ಕೆಲಸಕ್ಕೆ ಊರವರೆಲ್ಲರ ತೆರಿಗೆ ಹಣ ಹಾಕುವುದಾದರೆ, ಆ ಕೆಲಸದ ಲಾಭ ಎಲ್ಲಿಯವರೆಗೆ ಹರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಹೊಲದ ಬದುವಿನೊಳಗೇ ಉಳಿಯುವ ಲಾಭಕ್ಕೆ ಒಂದು ಲೆಕ್ಕ, ಬದು ದಾಟಿ ಹತ್ತಾರು ಊರಿಗೆ ಹೋಗುವ ಲಾಭಕ್ಕೆ ಇನ್ನೊಂದು ಲೆಕ್ಕ. ನಮ್ಮ ಯೋಜನೆಗಳು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತವೆ.

ಮೊದಲು ಹೊಂಡ ನೋಡೋಣ. ನವಲಗುಂದ, ಅಣ್ಣಿಗೇರಿ ಕಡೆ ಬೋರು ಕೊರೆಸಿದರೆ ಬಹಳ ಕಡೆ ಸಿಗುವುದು ಸವಳು ನೀರು. ಹಾಗಾಗಿ ಇಲ್ಲಿ ಮಳೆ ನೀರೇ ದಿಕ್ಕು. ಎರಿ ಮಣ್ಣಿನ ಒಂದು ಗುಣ, ತೊಯ್ದು ಉಬ್ಬಿತೆಂದರೆ ನೀರನ್ನು ಸುಲಭಕ್ಕೆ ಇಂಗಗೊಡುವುದಿಲ್ಲ. ಪಾಲಿಥಿನ್ ಇಲ್ಲದೆಯೂ ಹೊಂಡದಲ್ಲಿ ನೀರು ನಿಲ್ಲುತ್ತದೆ. ಈ ಭಾಗದಲ್ಲಿ 100 ಅಡಿ ಉದ್ದ, 100 ಅಡಿ ಅಗಲ, 12 ಅಡಿ ಆಳದ ದೊಡ್ಡ ಹೊಂಡಗಳು ಸಾಲುಸಾಲಾಗಿ ಕಾಣುವುದು ಅದಕ್ಕೇ. ಸರಕಾರವಲ್ಲದೆ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ಕೂಡ ರೈತರ ಜೊತೆ ಕೈಜೋಡಿಸಿ ಇಂಥ ಹೊಂಡ ತೆಗೆಸಿದೆ. ಸ್ವಂತ ದುಡ್ಡಿನಲ್ಲಿ ಇಟಾಚಿ ತರಿಸಿ ತೆಗೆಸಿದವರೂ ಇದ್ದಾರೆ.

ಅಂಥದೊಂದು ಹೊಂಡದ ಲೆಕ್ಕ ಹಾಕಿ. ಗೋಡೆ ನೆಟ್ಟಗಿದ್ದರೆ ಕುಸಿಯುತ್ತದೆ, ಇಳಿಜಾರು ಬಿಡಬೇಕು. ಅದನ್ನು ಕಳೆದರೆ ಹೊಂಡದಲ್ಲಿ ಹಿಡಿಯುವುದು 23ರಿಂದ 26 ಲಕ್ಷ ಲೀಟರ್. ಒಂದು ಎಕರೆ ಕಡಲೆಗೆ ಎರಡು ಇಂಚು ನೀರು ಕೊಡಲು ಸುಮಾರು ಎರಡು ಲಕ್ಷ ಲೀಟರ್ ಬೇಕು. ಆವಿಯಾಗಿ, ಇಂಗಿ ಅರ್ಧ ಹೋಯಿತೆಂದರೂ ಐದಾರು ಎಕರೆಗೆ ಒಂದು ಸಲ ನೀರು ಹಾಯಿಸಬಹುದು. ಹಿಂಗಾರಿಯಲ್ಲಿ ಹೂವು ಕಚ್ಚುವ ಹೊತ್ತಿಗೆ ಹಸಿ ಆರಿದ ಹೊಲಕ್ಕೆ ಆ ಒಂದು ನೀರು ಬಿದ್ದರೆ ಬೆಳೆ ಉಳಿಯುತ್ತದೆ. ಎಕರೆಗೆ ಎರಡು ಕ್ವಿಂಟಲ್ ಹೆಚ್ಚು ಬಂತು ಎಂದುಕೊಳ್ಳಿ, ಕ್ವಿಂಟಲ್‌ಗೆ 5,000 ರೂಪಾಯಿ ಹಿಡಿಯಿರಿ. ಐದು ಎಕರೆಗೆ 50,000 ರೂಪಾಯಿ. ಮಣ್ಣು ತೆಗೆಯುವ ಖರ್ಚು ಒಂದೂವರೆ ಲಕ್ಷ ಎಂದಿಟ್ಟುಕೊಂಡರೆ, ಮಳೆ ಕೈಕೊಟ್ಟ ಮೂರು ವರ್ಷದಲ್ಲಿ ಹೊಂಡ ತನ್ನ ದುಡ್ಡು ತಾನೇ ತೀರಿಸುತ್ತದೆ. ಅಂಕಿಗಳು ಅಂದಾಜಿನವು, ನಿಮ್ಮ ಹೊಲದ ಅಂಕಿ ಹಾಕಿಕೊಂಡು ನೋಡಿ. ದಿಕ್ಕು ಬಹಳ ಬದಲಾಗುವುದಿಲ್ಲ.

ಈ ಲೆಕ್ಕದಲ್ಲಿ ಯಾವ ಅರ್ಜಿಯೂ ಕೇಳದ ಒಂದು ಖರ್ಚಿದೆ. 100 ಅಡಿ ಚೌಕ ಅಂದರೆ ಒಂಬತ್ತು ಗುಂಟೆಗಿಂತ ತುಸು ಹೆಚ್ಚು. ಸುತ್ತ ಪೇರಿಸಿದ ಮಣ್ಣು, ಓಡಾಡುವ ಜಾಗ ಸೇರಿದರೆ ಹದಿನೈದು ಗುಂಟೆ ಹೋಯಿತು. ಎಕರೆಗೆ ವರ್ಷಕ್ಕೆ 15,000 ರೂಪಾಯಿ ಉಳಿಯುವ ಹೊಲವಾದರೆ ಆ ಹದಿನೈದು ಗುಂಟೆ ವರ್ಷವರ್ಷವೂ ಐದೂವರೆ ಸಾವಿರ ನುಂಗುತ್ತದೆ. ಹತ್ತು ಎಕರೆಯವನಿಗೆ ಇದು ತಡೆಯುತ್ತದೆ, ಎರಡು ಎಕರೆಯವನಿಗೆ ಹೊಟ್ಟೆಯ ಮೇಲೆ ಬರೆ. ಸಣ್ಣ ರೈತರು ಸಣ್ಣ ಹೊಂಡಕ್ಕೇ ನಿಲ್ಲುವುದು, ಇಲ್ಲವೆ ಅರ್ಜಿಯನ್ನೇ ಹಾಕದಿರುವುದು ಅರಿವಿಲ್ಲದೆ ಅಲ್ಲ. ಅವರು ಕೂಡಿಸಿ ಕಳೆದು ನೋಡಿರುತ್ತಾರೆ.

ಆದರೆ ಹೊಂಡದ ಲಾಭ ಬಹುತೇಕ ಹೊಲದ ಮಾಲೀಕನಿಗೇ ಸಿಗುತ್ತದೆ. ನೀರು ಅವನದು, ಬೆಳೆ ಅವನದು. ಹಳ್ಳಕ್ಕೆ ಹೋಗುವ ನೀರನ್ನು ಒಂದಿಷ್ಟು ತಡೆಯಿತು ಎಂಬ ಪುಣ್ಯ ಬಿಟ್ಟರೆ ಊರಿಗೆ ಸಿಗುವುದು ಕಡಿಮೆ. ಹಾಗಾದರೆ ಶೇ. 80 ಯಾಕೆ? ದುಡ್ಡು ತಾನೇ ತೀರಿಸುವ ಆಸ್ತಿಗೆ ಬೇಕಿರುವುದು ದಾನವಲ್ಲ, ಕಡಿಮೆ ಬಡ್ಡಿಯ ಸಾಲ. ಅದು ನಮ್ಮಲ್ಲಿ ಇಲ್ಲದ್ದೇನಲ್ಲ. ಸಹಕಾರ ಸಂಘಗಳ ಮೂಲಕ ಶೇ. 3ರ ಬಡ್ಡಿಯಲ್ಲಿ ಕೊಡುವ ಮಧ್ಯಮ ಮತ್ತು ದೀರ್ಘಾವಧಿ ಸಾಲದ ಮಿತಿಯನ್ನು 2023ರಲ್ಲಿ 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿದ್ದಾರೆ. ಆ ಸಾಲ ನಿಜಕ್ಕೂ ಹೊಂಡ ತೆಗೆಸುವ ಸಣ್ಣ ರೈತನ ಕೈಗೆ ಬರುವಂತೆ ಮಾಡಿದರೆ, ಸಹಾಯಧನದ ಅರ್ಧದಷ್ಟು ಹಣ ಬೇರೆ ಕೆಲಸಕ್ಕೆ ಉಳಿಯುತ್ತದೆ. ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ಉಳಿದ ಹಣ ಎಲ್ಲಿಗೆ ಹೋಗಬೇಕು ಎಂಬುದನ್ನೂ ಕೇಳಿ ಆಮೇಲೆ ಬೈಯಿರಿ.

ಅದು ಹೋಗಬೇಕಾದ್ದು ಒಡ್ಡಿಗೆ.

ಕುಂದಗೋಳದ ಎರಿ ಹೊಲ. ಹೆಸರು ಬಿಡಿಸಿ ಆಗಿದೆ, ಹಿಂಗಾರಿಗೆ ಹರಗಿ ಬಿಟ್ಟಿದ್ದಾರೆ, ಮೈಮೇಲೆ ಹಸಿರು ಇಲ್ಲ. ಇಂಥ ಹೊತ್ತಿಗೆ ಒಂದು ಬಿರುಸಾದ ಮಳೆ ಬಂತು. ನೀರು ಮೊದಲು ತೆಳ್ಳಗೆ ಹರಿಯುತ್ತದೆ, ಆಮೇಲೆ ತಗ್ಗು ಹುಡುಕಿಕೊಂಡು ಒಡ್ಡಿನ ಮೂಲೆಗೆ ಬರುತ್ತದೆ. ಅಲ್ಲಿ ಇಲಿಯೋ ಏಡಿಯೋ ತೋಡಿದ ಬೊಕ್ಕೆ, ಇಲ್ಲವೆ ಬೇಸಿಗೆಯಲ್ಲಿ ಬಿಟ್ಟ ಬಿರುಕು ಇದ್ದರೆ ಸಾಕು, ಒಡ್ಡು ಕಿತ್ತುಕೊಂಡು ಹೋಗುತ್ತದೆ. ಮರುದಿನ ನೋಡಿದರೆ ಆಳುದ್ದದ ಕೊರಕಲು. ಎರಡು ಎಕರೆಯ ಮೇಲ್ಮಣ್ಣು ಅದೇ ದಾರಿಯಲ್ಲಿ ಇಳಿದಿರುತ್ತದೆ. ಒಂದು ಎಕರೆಯಲ್ಲಿ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೂ ಅದರ ತೂಕ ಸುಮಾರು ಐದು ಟನ್. ಕಣ್ಣಿಗೆ ಕಾಣುವುದೇ ಇಲ್ಲ, ಆ ವರ್ಷದ ಇಳುವರಿಯಲ್ಲೂ ಗೊತ್ತಾಗುವುದಿಲ್ಲ.

ಆ ಮಣ್ಣು ಹೋಗುವುದೆಲ್ಲಿಗೆ? ಶಿಗ್ಗಾಂವಿ ತಾಲ್ಲೂಕಿನ ದುಂಡಶಿ ಗುಡ್ಡಗಳಲ್ಲಿ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ, ಹುಬ್ಬಳ್ಳಿ ಹಾಯ್ದು ನವಲಗುಂದಕ್ಕೆ ಬರುತ್ತದೆ. ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳ ಅದಕ್ಕೆ ಕೂಡುತ್ತದೆ. ಮೇಲಿನ ತಾಲ್ಲೂಕುಗಳ ಮಣ್ಣು ಹಳ್ಳದ ಪಾತ್ರದಲ್ಲಿ ಹೂಳಾಗಿ ಕೂತು, ಪಾತ್ರ ಕಿರಿದಾಗಿ, ದೊಡ್ಡ ಮಳೆ ಬಂದಾಗ ನೀರು ನವಲಗುಂದದ ಹೊಲಗಳಿಗೆ ನುಗ್ಗುತ್ತದೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಏನಾಯಿತೆಂದು ಯಮನೂರು ಸುತ್ತಲಿನವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿಂದ ಮುಂದೆ ಹಳ್ಳ ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಕೊನೆಗೆ ಕುಂದಗೋಳದ ಮಣ್ಣು ನಾರಾಯಣಪುರದ ಬಸವಸಾಗರದಲ್ಲಿ ತಳ ಹಿಡಿಯುತ್ತದೆ. ಕಲಘಟಗಿಯ ದಾರಿ ಬೇರೆ. ಅಲ್ಲಿಯ ನೀರು ಬೇಡ್ತಿ ಹಿಡಿದು, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ದೇಶದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್‌ಗಿಂತ ಹೆಚ್ಚು ಮಣ್ಣು ಸವೆಯುತ್ತದೆ, ಅದರಲ್ಲಿ ಸುಮಾರು ಶೇ. 29 ಸಮುದ್ರಕ್ಕೆ, ಶೇ. 10 ಜಲಾಶಯಗಳಿಗೆ ಸೇರುತ್ತದೆ ಎಂಬುದು 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್‌ಬಾಬು ಎಂಬ ವಿಜ್ಞಾನಿಗಳು ಹಾಕಿದ ಅಂದಾಜು. ಇವತ್ತಿಗೂ ಅದನ್ನೇ ಉದ್ಧರಿಸುತ್ತಾರೆ.

ಅಂದಮೇಲೆ ಕುಂದಗೋಳದ ರೈತ ತನ್ನ ಹೊಲಕ್ಕೆ ಒಡ್ಡು ಹಾಕಿದರೆ ಲಾಭ ಯಾರಿಗೆ? ಒಂದಿಷ್ಟು ಅವನಿಗೆ. ಉಳಿದದ್ದು ಕೆಳಗಿನ ಹೊಲದವನಿಗೆ, ನವಲಗುಂದದ ಹಳ್ಳದಂಡೆಯವರಿಗೆ, ಬಸವಸಾಗರದ ನೀರು ನಂಬಿದವರಿಗೆ. ಅವರ್ಯಾರೂ ಅವನಿಗೆ ಒಂದು ರೂಪಾಯಿ ಕೊಡುವುದಿಲ್ಲ, ಕೊಡುವ ದಾರಿಯೂ ಇಲ್ಲ. ಆ ಎಲ್ಲರ ಪರವಾಗಿ ಸರಕಾರ ಪಾಲು ಹಾಕಬೇಕು. ಖರ್ಚು ಹಂಚಿಕೆಗೆ ಇರುವ ಗಟ್ಟಿಯಾದ ಸಮರ್ಥನೆ ಇದೇ. ರೈತ ಬಡವ, ಪಾಪ, ಅವನಿಗೆ ಕೊಡಬೇಕು ಎಂಬುದು ಬೇರೆ ಮಾತು. ಅದಕ್ಕೆ ಬೇರೆ ದಾರಿಗಳಿವೆ.

ಇನ್ನೊಂದು ಸಮರ್ಥನೆ ಬಡ್ಡಿಯದು. ಇದನ್ನು ಅರ್ಥಶಾಸ್ತ್ರದ ಪುಸ್ತಕಗಳು ಕಠಿಣ ಮಾಡಿ ಹೇಳುತ್ತವೆ, ನಮ್ಮ ಊರಿನ ಸಾಲದ ಲೆಕ್ಕದಲ್ಲಿ ಸುಲಭವಾಗಿ ತಿಳಿಯುತ್ತದೆ. ಒಡ್ಡಿನಿಂದ ಹತ್ತು ವರ್ಷದ ಮೇಲೆ 10,000 ರೂಪಾಯಿ ಲಾಭ ಬರುತ್ತದೆ ಎನ್ನಿ. ಕೈಗಡವಾಗಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ ಶೇ. 24ರ ಬಡ್ಡಿಗೆ ತರುವ ರೈತನಿಗೆ ಆ ಹತ್ತು ಸಾವಿರದ ಇವತ್ತಿನ ಬೆಲೆ ಸುಮಾರು 1,160 ರೂಪಾಯಿ. ವರ್ಷಕ್ಕೆ ಶೇ. 6ರಂತೆ ಸಾಲ ಎತ್ತಬಲ್ಲ ಸರಕಾರಕ್ಕೆ ಅದೇ ಹತ್ತು ಸಾವಿರದ ಇವತ್ತಿನ ಬೆಲೆ ಸುಮಾರು 5,600. ಎರಡು ಸಾವಿರ ಖರ್ಚಿನ ಒಡ್ಡು ರೈತನ ಲೆಕ್ಕದಲ್ಲಿ ನಷ್ಟ, ಸರಕಾರದ ಲೆಕ್ಕದಲ್ಲಿ ದುಪ್ಪಟ್ಟು ಲಾಭ. ಇಬ್ಬರ ಲೆಕ್ಕವೂ ಸರಿ. ರೈತನಿಗೆ ಮಣ್ಣಿನ ಮೇಲೆ ಕಾಳಜಿ ಇಲ್ಲ, ಅವನಿಗೆ ತಿಳಿವಳಿಕೆ ಕೊಡಬೇಕು ಎಂದು ವೇದಿಕೆ ಮೇಲೆ ಭಾಷಣ ಬಿಗಿಯುವವರು ಈ ಬಡ್ಡಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಇದನ್ನು ಬ್ರಿಟಿಷರೂ ತಮ್ಮ ರೀತಿಯಲ್ಲಿ ಕಂಡಿದ್ದರು. 1883ರ ಭೂ ಸುಧಾರಣಾ ಸಾಲ ಕಾಯ್ದೆಯಡಿ ಬಾವಿ ತೋಡಲು, ಒಡ್ಡು ಹಾಕಲು ಸರಕಾರವೇ ಸಾಲ ಕೊಡುತ್ತಿತ್ತು. ನಮ್ಮ ಹಿರಿಯರ ಬಾಯಲ್ಲಿ ಅದು ತಗಾವಿ. ಆಮೇಲೆ ಮುಂಬಯಿ ಪ್ರಾಂತ್ಯ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಮಾಡಿತು. ಊರಿನ ಹೊಲಗಳಿಗೆಲ್ಲ ಒಟ್ಟಾಗಿ ಒಡ್ಡು ಹಾಕಿಸಿ, ಖರ್ಚಿನ ಪಾಲನ್ನು ಜಮೀನಿನ ಮಾಲೀಕರಿಂದ ವಸೂಲು ಮಾಡುವ ಏರ್ಪಾಡು ಅದು. ಧಾರವಾಡ ಆಗ ಆ ಪ್ರಾಂತ್ಯದ ಜಿಲ್ಲೆ. ಏಕೀಕರಣದ ನಂತರ 1961ರಲ್ಲಿ ನಮ್ಮ ರಾಜ್ಯವೂ ಅಂಥದೇ ಕಾಯ್ದೆ ಮಾಡಿಕೊಂಡಿತು. 1972ರ ಬರದ ಹೊತ್ತಿಗೆ ಒಡ್ಡು ಎಂಬುದು ಬರಗಾಲದ ಕಾಮಗಾರಿಯಾಯಿತು. ಮುಖ್ಯ ಗುರಿ ಕೂಲಿ, ಮಣ್ಣು ಆಮೇಲೆ. ಹಸಿದವರಿಗೆ ಕೂಲಿ ಕೊಟ್ಟದ್ದು ತಪ್ಪಲ್ಲ. ಆದರೆ ಒಡ್ಡನ್ನು ಕೂಲಿಯ ದಿನಗಳಿಂದ ಅಳೆಯುವ ಚಾಳಿ ಅಲ್ಲಿಂದ ಬಂತು, ಮುಂದೆ ಉದ್ಯೋಗ ಖಾತ್ರಿಗೂ ದಾಟಿತು.

ಸರಕಾರಿ ಒಡ್ಡಿಗೂ ರೈತನ ಒಡ್ಡಿಗೂ ಇರುವ ಜಗಳ ಹಳೆಯದು. ಎಂಜಿನಿಯರ್ ಲೆವೆಲ್ ಹಿಡಿದು ಸಮಪಾತಳಿಯ ಗೆರೆ ಎಳೆಯುತ್ತಾನೆ. ಅದು ಹೊಲದ ನಡುವೆ ಸೊಟ್ಟಸೊಟ್ಟಾಗಿ ಹಾಯುತ್ತದೆ. ಕೂರಿಗೆ ತಿರುಗುವುದಿಲ್ಲ, ಟ್ರ್ಯಾಕ್ಟರ್ ತಿರುಗುವುದಿಲ್ಲ. ಒಬ್ಬನ ಜಾಗ ಇನ್ನೊಬ್ಬನ ಕಡೆಗೆ ಸೇರಿ ವಾದ ಹುಟ್ಟುತ್ತದೆ. ರೈತ ಹಾಕುವುದು ತನ್ನ ಹೊಲದ ಗಡಿಗುಂಟ. ಮೇಲಾಗಿ ಆಳವಾದ ಎರಿಯಲ್ಲಿ ಸಮಪಾತಳಿ ಒಡ್ಡಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯುತ್ತದೆ. ಆಗ ರೈತ ಗುದ್ದಲಿ ತಂದು ಒಡ್ಡು ಕಡಿಯುತ್ತಾನೆ. 1954ರಿಂದ ಬಳ್ಳಾರಿಯಲ್ಲಿರುವ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಎರಿ ಭೂಮಿಯ ಈ ಕಾಟವನ್ನೇ ಅಭ್ಯಾಸ ಮಾಡುತ್ತ ಬಂದಿದೆ. ತುಸು ಇಳಿಜಾರು ಕೊಟ್ಟ ಒಡ್ಡು, ಹೆಚ್ಚಿನ ನೀರು ಹೋಗಲು ಕಲ್ಲಿನ ಕೋಡಿ, ಹೊಲದೊಳಗೆ ಚೌಕು ಮಡಿ ಈ ನೆಲಕ್ಕೆ ಹೊಂದುವ ದಾರಿಗಳು. ಚೌಕು ಮಡಿಗೆ ಖರ್ಚೂ ಕಡಿಮೆ. ಎತ್ತಿನ ಸಾಧನದಿಂದಲೋ ಟ್ರ್ಯಾಕ್ಟರಿನಿಂದಲೋ ಒಂದು ದಿನದ ಕೆಲಸ. ಆದರೆ ಪ್ರತಿ ವರ್ಷ ಮಾಡಬೇಕು. ಫೋಟೊ ತೆಗೆದು ತೋರಿಸುವಂಥ ಆಸ್ತಿ ಅದಲ್ಲ, ಹಾಗಾಗಿ ಯೋಜನೆಗಳಿಗೆ ಅದರ ಮೇಲೆ ಪ್ರೀತಿ ಕಡಿಮೆ.

ಜಾನ್ ಕೆರ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ಸಂಗಡಿಗರು 1990ರ ದಶಕದಲ್ಲಿ ನಮ್ಮ ದೇಶದ ಒಣ ಭೂಮಿಯ ಜಲಾನಯನ ಯೋಜನೆಗಳ ಸಹಾಯಧನವನ್ನೇ ಕೆದಕಿ ನೋಡಿದರು. ಅವರು ಕಂಡದ್ದನ್ನು ನಮ್ಮ ಭಾಷೆಯಲ್ಲಿ ಹೇಳಿದರೆ, ಪುಕ್ಕಟೆ ಸಿಕ್ಕಿದ್ದಕ್ಕೆ ರೈತ ಬೇಡ ಅನ್ನುವುದಿಲ್ಲ, ಬೇಕು ಅಂತಲೂ ಅನ್ನಿಸಿರುವುದಿಲ್ಲ. ಒಡ್ಡು ಹಾಕಿಸಿಕೊಂಡವನು ಆ ಒಡ್ಡನ್ನು ನಂಬಿಯೇ ಹಾಕಿಸಿಕೊಂಡ ಎನ್ನುವಂತಿಲ್ಲ. ಕೂಲಿ ಸಿಕ್ಕಿತು, ಬಿಲ್ಲಾಯಿತು, ಮುಗಿಯಿತು. ಅಂಥ ಒಡ್ಡನ್ನು ಮುಂದೆ ಯಾರೂ ನೋಡಿಕೊಳ್ಳುವುದಿಲ್ಲ. ಕಲಬುರಗಿ ಭಾಗದ ಜಲಾನಯನಗಳಲ್ಲಿ ಕೆಲಸ ಮಾಡಿದ ಮೈರಾಡ ಸಂಸ್ಥೆ ಇದಕ್ಕೊಂದು ಉತ್ತರ ಹುಡುಕಿತ್ತು. ಖಾಸಗಿ ಹೊಲದ ಕೆಲಸಕ್ಕೆ ದಾನದ ಬದಲು ಸ್ವಸಹಾಯ ಸಂಘದ ಮೂಲಕ ಸಾಲ. ಸಾಲ ತೀರಿಸುವವನು ತನಗೆ ಬೇಕಾದ ಕೆಲಸ ಮಾತ್ರ ಮಾಡಿಸಿಕೊಳ್ಳುತ್ತಾನೆ, ಗುತ್ತಿಗೆದಾರ ಎಷ್ಟು ಮಣ್ಣು ಹಾಕಿದ ಎಂದು ತಾನೇ ನಿಂತು ನೋಡುತ್ತಾನೆ. ಸಾಲವೇ ಸರ್ವರೋಗಕ್ಕೂ ಮದ್ದು ಅಂತ ನಾನು ಹೇಳುತ್ತಿಲ್ಲ, ಮೇಲೆ ಹೇಳಿದ ಹಾಗೆ ಕೆಳಗಿನವರಿಗೆ ಹೋಗುವ ಲಾಭದ ಪಾಲನ್ನು ಸಾಲ ತುಂಬಿಕೊಡುವುದಿಲ್ಲ. ಆದರೆ ಕೈಯಿಂದ ಹೋದ ದುಡ್ಡಿಗೆ ಕಣ್ಣಿರುತ್ತದೆ ಎಂಬುದು ಮೈರಾಡದ ಅನುಭವದಿಂದ ನಾವು ಕಲಿಯಬೇಕಾದ ಪಾಠ.

ನಮ್ಮ ಸರಕಾರಗಳೂ ರೈತರ ವಂತಿಕೆಯ ಮಹತ್ವ ಅರಿಯದವಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ 2009ರವರೆಗೆ ನಡೆದ ಐದು ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಅಲ್ಲಿ ರೈತರು ದುಡ್ಡಿನ ಅಥವಾ ದುಡಿಮೆಯ ರೂಪದಲ್ಲಿ ಪಾಲು ಹಾಕಬೇಕಿತ್ತು. ಕೇಂದ್ರದ 2008ರ ಜಲಾನಯನ ಮಾರ್ಗಸೂಚಿಯಂತೆ ಖಾಸಗಿ ಹೊಲದಲ್ಲಿ ಆಗುವ ಮಣ್ಣು ನೀರಿನ ಕೆಲಸಕ್ಕೆ ರೈತನ ಪಾಲು ಕನಿಷ್ಠ ಶೇ. 10. ಪರಿಶಿಷ್ಟರು, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ. 5. ಆ ಹಣ ಖಜಾನೆಗೆ ಹೋಗುವುದಲ್ಲ. ಊರಿನ ಹೆಸರಲ್ಲೇ ಒಂದು ಜಲಾನಯನ ಅಭಿವೃದ್ಧಿ ನಿಧಿ ಮಾಡಿ, ಯೋಜನೆ ಮುಗಿದು ಅಧಿಕಾರಿಗಳು ಜಾಗ ಖಾಲಿ ಮಾಡಿದ ಮೇಲೆ ಚೆಕ್ ಡ್ಯಾಮು, ಕೋಡಿ, ಕಾಲುವೆಗಳ ದುರಸ್ತಿಗೆ ಬಳಸಬೇಕು. ಅಪ್ಪಟ ಒಳ್ಳೆಯ ವಿಚಾರ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ನಡೆಯುವುದು ಹೇಗೆ ಅಂದರೆ, ವಂತಿಕೆ ಎಷ್ಟೋ ಕಡೆ ಹೊಂದಾಣಿಕೆಯ ಮಾತಾಗುತ್ತದೆ. ಅಂದಾಜು ಪಟ್ಟಿ ಉಬ್ಬಿಸಿದರೆ ರೈತನ ಶೇ. 10 ಅದರೊಳಗೇ ಅಡಗುತ್ತದೆ. ರಸೀದಿಯಲ್ಲಿ ರೈತ ಕೊಟ್ಟಂತೆ ಇರುತ್ತದೆ, ಅವನ ಜೇಬು ಮುಟ್ಟಿರುವುದಿಲ್ಲ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅನ್ನುತ್ತಾರಲ್ಲ, ಇಲ್ಲಿ ಕೊಟ್ಟವನೇ ಇಲ್ಲ. ಕೆಲಸ ಅಳೆಯುವುದು ಘನ ಮೀಟರಿನಲ್ಲಿ. ಅಳತೆ ಪುಸ್ತಕ (ಎಂ.ಬಿ.) ಬರೆದು, ಜಿಪಿಎಸ್ ಫೋಟೊ ಏರಿಸಿದರೆ ಬಿಲ್ಲು. ಮಣ್ಣು ಎಷ್ಟು ಎತ್ತಿ ಹಾಕಿದರು ಎಂಬುದಕ್ಕೆ ದುಡ್ಡು, ಹೊಲದಲ್ಲಿ ಎಷ್ಟು ಮಣ್ಣು ಉಳಿಯಿತು ಎಂದು ಯಾರೂ ಕೇಳುವುದಿಲ್ಲ. ಎರಡನೇ ಮಳೆಗಾಲದಲ್ಲಿ ಒಡ್ಡು ಒಡೆದರೆ ಅದು ರೈತನ ಹಣೆಬರಹ.

ಇನ್ನು ಕೆಲವು ಕೊರಕಲುಗಳಿವೆ. ಉದ್ಯೋಗ ಖಾತ್ರಿಯಲ್ಲಿ ಸ್ವಂತ ಹೊಲದ ಕೆಲಸಕ್ಕೆ ಅವಕಾಶವಿದ್ದದ್ದು ಮುಖ್ಯವಾಗಿ ಪರಿಶಿಷ್ಟರು, ಬಡತನ ರೇಖೆಗಿಂತ ಕೆಳಗಿನವರು, ಐದು ಎಕರೆಯೊಳಗಿನ ಸಣ್ಣ ರೈತರಿಗೆ. ಬಡವರ ಯೋಜನೆ, ಹಾಗೇ ಇರಬೇಕು. ಆದರೆ ನೀರಿಗೆ ಉತಾರ ಗೊತ್ತಿಲ್ಲ. ಮೇಲಿನ ಎಂಟು ಎಕರೆಯವನ ಹೊಲ ಬಿಟ್ಟು ಕೆಳಗಿನ ಮೂರು ಎಕರೆಗೆ ಒಡ್ಡು ಹಾಕಿದರೆ ಮೇಲಿನ ನೀರು ಬಂದು ಕೆಳಗಿನ ಒಡ್ಡು ಒಡೆಯುತ್ತದೆ. ಲಾವಣಿಯ ಮಾತು ಬೇರೆಯೇ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಾಲೀಕ ವರ್ಷದ ಲೆಕ್ಕಕ್ಕೆ ಲಾವಣಿ ಹಾಕಿರುತ್ತಾನೆ. ಕರ್ನಾಟಕ ಭೂ ಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲದ್ದರಿಂದ ಎಲ್ಲವೂ ಬಾಯಿಮಾತು. ಉತಾರ ಮಾಲೀಕನ ಹೆಸರಲ್ಲಿ, ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಅವನದು, ಸಹಾಯಧನ ಬಂದರೆ ಅವನ ಖಾತೆಗೆ. ಉಳುವವನಿಗೆ ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅವನು ಯಾಕೆ ಒಡ್ಡಿಗೆ ಮಣ್ಣು ಹಾಕುತ್ತಾನೆ? ಮಾಲೀಕ ಯಾಕೆ ಹಾಕುತ್ತಾನೆ, ಅವನಿಗೆ ಲಾವಣಿ ದುಡ್ಡು ಹೇಗಿದ್ದರೂ ಬರುತ್ತದಲ್ಲ? ಈ ಗಂಟು ಬಿಡಿಸದೆ ಶೇ. 80 ಅನ್ನು ಶೇ. 100 ಮಾಡಿದರೂ ಒಡ್ಡು ನಿಲ್ಲುವುದಿಲ್ಲ.

ಕೈಯಲ್ಲಿ ರೊಕ್ಕ ಇರುವುದು, ಇಲ್ಲದಿರುವುದು ಕೂಡ ದೊಡ್ಡ ಪ್ರಶ್ನೆ. ಸಹಾಯಧನ ಬರುವುದು ಕೆಲಸ ಮುಗಿದ ಮೇಲೆ. ಇಟಾಚಿಯವನು ಅಲ್ಲಿಯವರೆಗೆ ಕಾಯುವುದಿಲ್ಲ. ಮೊದಲು ಸ್ವಂತ ದುಡ್ಡು ಸುರಿದು, ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಅಲೆದಾಡುವ ತಾಕತ್ತು ಇದ್ದವನಿಗೇ ಸಹಾಯಧನ ದಕ್ಕುತ್ತದೆ. ಅಂಥವನು ಬಹುಶಃ ಸಹಾಯಧನ ಇಲ್ಲದೆಯೂ ಹೊಂಡ ತೆಗೆಸುತ್ತಿದ್ದ. ಸರಕಾರದ ದುಡ್ಡಿನಿಂದ ಹೊಸದಾಗಿ ಆದ ಹೊಂಡ ಎಷ್ಟು, ಹೇಗೂ ಆಗುತ್ತಿದ್ದ ಹೊಂಡ ಎಷ್ಟು ಎಂದು ಯಾವ ಪ್ರಗತಿ ಪರಿಶೀಲನಾ ಸಭೆಯಲ್ಲೂ ಕೇಳಿದ್ದನ್ನು ನಾನು ಕೇಳಿಲ್ಲ. ಮಹಾರಾಷ್ಟ್ರದ ಅನುಭವ ಇನ್ನೂ ಕಟು. 2016ರಲ್ಲಿ ಕೇಳಿದವರಿಗೆ ಕೃಷಿ ಹೊಂಡ ಎಂಬ ಯೋಜನೆ ತಂದು 50,000 ರೂಪಾಯಿವರೆಗೆ ಕೊಟ್ಟರು. ಬಹಳಷ್ಟು ಕಡೆ ಹೊಂಡಕ್ಕೆ ಮಳೆ ನೀರಿನ ಬದಲು ಬೋರಿನ ನೀರು ಎತ್ತಿ ತುಂಬಿದರು. ಭೂಮಿಯೊಳಗೆ ತಣ್ಣಗಿದ್ದ ನೀರನ್ನು ಮೇಲೆ ತಂದು ಬಿಸಿಲಿಗೆ ಹಾಕುವುದಕ್ಕೆ ಸರಕಾರ ಹಣ ಕೊಟ್ಟಂತಾಯಿತು.

ಬೇರೆಯವರು ಏನು ಮಾಡುತ್ತಾರೆ ಎಂಬ ಕುತೂಹಲಕ್ಕೆ ಅಮೆರಿಕ ನೋಡಬಹುದು. ಧೂಳಿನ ಬಿರುಗಾಳಿಗಳು ಹೊಲಗಳನ್ನೇ ಎತ್ತಿಕೊಂಡು ಹೋದ 1935ರಲ್ಲಿ ಅಲ್ಲಿ ಮಣ್ಣು ಸಂರಕ್ಷಣೆಗೇ ಒಂದು ಇಲಾಖೆ ಹುಟ್ಟಿತು. 1985ರಿಂದ ಸವಕಳಿಯ ನೆಲವನ್ನು ಬೇಸಾಯದಿಂದ ಬಿಡಿಸಿ ಹುಲ್ಲು, ಗಿಡ ಬೆಳೆಸುವವರಿಗೆ ಹತ್ತರಿಂದ ಹದಿನೈದು ವರ್ಷದ ಕರಾರಿನ ಮೇಲೆ ವರ್ಷವರ್ಷ ಬಾಡಿಗೆ ಕೊಡುತ್ತಾರೆ. 1996ರಲ್ಲಿ ಬಂದ ಇನ್ನೊಂದು ಯೋಜನೆಯಲ್ಲಿ ಸಂರಕ್ಷಣೆಯ ಕೆಲಸಕ್ಕೆ ಶೇ. 75ರವರೆಗೆ, ಬಡ ಮತ್ತು ಹೊಸ ರೈತರಿಗೆ ಶೇ. 90ರವರೆಗೆ ಸರಕಾರದ ಪಾಲು. ನಮ್ಮ ಶೇ. 80ಕ್ಕೂ ಅದಕ್ಕೂ ದೊಡ್ಡ ಅಂತರವಿಲ್ಲ, ನೋಡಿ. ವ್ಯತ್ಯಾಸ ಇರುವುದು ಕರಾರಿನಲ್ಲಿ. ಮಾಡಿದ ಕೆಲಸವನ್ನು ಇಂತಿಷ್ಟು ವರ್ಷ ಸುಸ್ಥಿತಿಯಲ್ಲಿ ಇಡಬೇಕೆಂಬ ಷರತ್ತು ಅಲ್ಲಿ ದುಡ್ಡಿನ ಜೊತೆಗೇ ಬರುತ್ತದೆ. ನೂರಾರು ಎಕರೆಯವರ ಆ ದೇಶದ ಕಾನೂನು ಕಲಘಟಗಿಯ ಎರಡು ಎಕರೆಯ ಭತ್ತದ ಗದ್ದೆಗೆ ಹಾಗೆಯೇ ಹೊಂದುವುದಿಲ್ಲ. ಆದರೆ ಹಣವನ್ನು ಒಂದೇ ಕಂತಿನಲ್ಲಿ ಕೊಟ್ಟು ಕೈತೊಳೆದುಕೊಳ್ಳದೆ ವರ್ಷಗಳಿಗೆ ಹಂಚುವ ಬುದ್ಧಿ ಎಲ್ಲಿಗಾದರೂ ಹೊಂದುತ್ತದೆ.

ಧಾರವಾಡ ಜಿಲ್ಲೆಗೆ ಇದನ್ನು ಇಳಿಸಿದರೆ ಹೇಗಿರಬಹುದು? ಹೊಂಡದ ಸಹಾಯಧನವನ್ನು ಅರ್ಧಕ್ಕೆ ಇಳಿಸಿ, ಉಳಿದರ್ಧಕ್ಕೆ ಶೇ. 3ರ ಸಾಲ ಜೋಡಿಸಲಿ. ಎರಡು ಎಕರೆಯೊಳಗಿನವರಿಗೆ ಮಾತ್ರ ಈಗಿನಂತೆಯೇ ಇರಲಿ. ಒಡ್ಡು, ಕೋಡಿ, ಹುಲ್ಲು ಬೆಳೆಸಿದ ನೀರುಹಾದಿಗಳಿಗೆ ಸರಕಾರ ಪೂರ್ತಿ ಖರ್ಚು ಹಾಕಲಿ, ಯಾಕೆಂದರೆ ಲಾಭದ ಹೆಚ್ಚಿನ ಪಾಲು ಊರಾಚೆ ಹೋಗುತ್ತದೆ. ಆದರೆ ಪೂರ್ತಿ ಹಣ ಮೊದಲ ವರ್ಷವೇ ಕೊಡಬಾರದು. ಮುಕ್ಕಾಲು ಪಾಲು ಹಣ ಕೆಲಸ ಮುಗಿದಾಗ, ಉಳಿದದ್ದು ಮುಂದಿನ ಮೂರು ಮಳೆಗಾಲ ಕಳೆದ ಮೇಲೆ ಒಡ್ಡು ನಿಂತಿದ್ದರೆ, ಮತ್ತು ಅದು ಉತಾರದವನಿಗಲ್ಲ, ಆ ವರ್ಷ ಹೊಲ ಮಾಡಿದವನಿಗೆ. ಗ್ರಾಮ ಪಂಚಾಯಿತಿಗೆ ಯಾರ ಹೊಲ ಯಾರು ಮಾಡುತ್ತಾರೆ ಎಂದು ಗೊತ್ತಿಲ್ಲದ್ದೇನಲ್ಲ. ಕೆಲಸ ಶುರುವಾಗಬೇಕಾದ್ದು ಮೇಲಿನ ಹೊಲದಿಂದ, ಜಾತಿ ಪ್ರಮಾಣಪತ್ರ, ಎಕರೆ ನೋಡದೆ. ಯಾವ ಹೊಲ ಮೇಲೆ, ಯಾವುದು ಕೆಳಗೆ, ಎಲ್ಲಿ ಮಣ್ಣು ಎಷ್ಟು ಆಳ ಎಂಬುದನ್ನು ಹೇಳುವ ಭೂ ಸಂಪನ್ಮೂಲ ಸಮೀಕ್ಷೆಯ ಕೆಲಸವನ್ನು ನಮ್ಮ ರಾಜ್ಯ ಸುಜಲದ ಮೂರನೇ ಹಂತದಿಂದ ಮಾಡುತ್ತ ಬಂದಿದೆ. ವಿಶ್ವಬ್ಯಾಂಕ್ 2021ರ ಕೊನೆಗೆ ಒಪ್ಪಿಗೆ ಕೊಟ್ಟ ರಿವಾರ್ಡ್ ಯೋಜನೆಯೂ ಅದನ್ನೇ ಮುಂದುವರಿಸುತ್ತದೆ. ನಕ್ಷೆ ಸಿದ್ಧವಾದ ಕಡೆಗಳಲ್ಲಿ ಸಹಾಯಧನದ ಫಲಾನುಭವಿಗಳ ಪಟ್ಟಿಯನ್ನು ಅದರ ಪಕ್ಕಕ್ಕೆ ಇಟ್ಟು ನೋಡುವ ಕೆಲಸ ಒಂದು ಮಧ್ಯಾಹ್ನಕ್ಕೆ ಆಗುವಂಥದು.

ಇದಕ್ಕೆ ಹಣ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಕೇಂದ್ರದ ಈಗಿನ ಜಲಾನಯನ ಯೋಜನೆಯಲ್ಲಿ ಬಯಲು ನೆಲಕ್ಕೆ ಹೆಕ್ಟೇರಿಗೆ 22,000 ರೂಪಾಯಿ. 2008ರ ಮಾರ್ಗಸೂಚಿಯಲ್ಲಿ ಇದ್ದದ್ದು 12,000. ಆಗ ಕೇಂದ್ರದ ಪಾಲು ಶೇ. 90 ಇತ್ತು, 2015ರ ನಂತರ ಶೇ. 60ಕ್ಕೆ ಇಳಿಯಿತು, ಶೇ. 40 ರಾಜ್ಯದ ತಲೆಗೆ ಬಂತು. ರೈತನ ವಂತಿಕೆ ಬಗ್ಗೆ ಉಪದೇಶ ಮಾಡುವ ದಿಲ್ಲಿ ತನ್ನ ವಂತಿಕೆಯನ್ನು ಮಾತ್ರ ಸದ್ದಿಲ್ಲದೆ ಇಳಿಸಿಕೊಂಡಿದೆ. ಇತ್ತ ಬೆಣ್ಣಿಹಳ್ಳದ ಹೂಳು ತೆಗೆಸಿ, ದಂಡೆ ಕಟ್ಟಿಸಿ ಎಂಬ ಬೇಡಿಕೆ ಪ್ರತಿ ಪ್ರವಾಹದ ನಂತರ ಏಳುತ್ತದೆ. ಅದು ನ್ಯಾಯವಾದದ್ದೇ. ಆದರೆ ಮೇಲಿನ ತಾಲ್ಲೂಕುಗಳಲ್ಲಿ ಮಣ್ಣು ನಿಲ್ಲಿಸದೆ ಕೆಳಗೆ ಹೂಳು ತೆಗೆಯಲು ಹೊರಟರೆ ಆ ಕಾಮಗಾರಿಗೆ ಕೊನೆ ಇರುವುದಿಲ್ಲ, ಗುತ್ತಿಗೆದಾರರಿಗೆ ಅದು ಸಂತೋಷದ ವಿಷಯ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಲ್ಲಿ ಹಿಂದೆ ಜಲಾನಯನ ಯೋಜನೆ ನಡೆದಿದ್ದರೆ, ರೈತರ ವಂತಿಕೆಯಿಂದ ಕೂಡಿದ ಅಭಿವೃದ್ಧಿ ನಿಧಿ ಎಂಬುದೊಂದು ಬ್ಯಾಂಕಿನಲ್ಲಿ ಇರಬೇಕು. ಅದು ನಿಮ್ಮ ಊರಿನ ದುಡ್ಡು, ಚೆಕ್ ಡ್ಯಾಮು ಮತ್ತು ಕೋಡಿಗಳ ದುರಸ್ತಿಗೆಂದೇ ಎತ್ತಿಟ್ಟದ್ದು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಆ ಖಾತೆಯಲ್ಲಿ ಇವತ್ತು ಎಷ್ಟು ಹಣವಿದೆ, ಕೊನೆಯ ಸಲ ಯಾವ ಕೆಲಸಕ್ಕೆ ತೆಗೆದಿರಿ ಎಂದು ಕೇಳಿ. ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ.